ಏರಿನಲ್ಲಿ ಇಳಿದ ಕಾಟಾ

ಬಸ್ಸಿನ ಡ್ರೈವರ್ ಸೀಟಿನ ಎದುರು, ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಗಾಜಿನ ಮೇಲೆ, ಕೊಕಟನೂರ ಯಲ್ಲಮ್ಮನ ಫೋಟೋ ಅಂಟಿಸಿದ್ದನ್ನು ಕಂಡು ನಾನು ಬೆಚ್ಚಿಬಿದ್ದೆ. ದೇವಿಯನ್ನು ಕೂರಿಸಲು ಬಸ್ಸಿನಲ್ಲಿ ಜಾಗಕ್ಕೇನು ಬರವೇ? ಕನ್ನಡಿಯ ಮೇಲೆ ಕೂರಿಸಲಿ, ಬಾಗಿಲ ಮೇಲೆ ಕೂರಿಸಲಿ. ಈ ಮಹಾರಾಯ ಫೋಟೋವನ್ನು ಗುಂಡಗೆ ಕತ್ತರಿಸಿ, ಮೀಟರಿನ ಅಳತೆಗೇ ಸರಿಮಾಡಿ, ಒಳಗಿನ ಮುಳ್ಳು ಒಂದಿಷ್ಟೂ ಕಾಣದಂತೆ ಮುಚ್ಚಿಬಿಟ್ಟಿದ್ದ. ಮೇಲೆ ಭಂಡಾರದ ಅರಿಶಿನ ಬೇರೆ.

"ಸಿದ್ರಾಮಾ, ಏನೋ ಇದು?" ಎಂದೆ.

"ಪಾರಿಸಣ್ಣಾರ, ಆ ಕಾಟಾ ಅಳ್ಳಾಡೂದು ನೋಡಿದ್ರ ನನ್ನ ಎದಿ ಹೊಡ್ಕೋತೈತ್ರಿ. ಅದಕ್ಕ ಅವ್ವನ್ನ ಕುಂಡ್ರಿಸೀನಿ. ಇನ್ನ ಆಕಿ ನೋಡ್ಕೋತಾಳ."

ಮೀಟರಿನ ಮುಳ್ಳಿಗೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ಅದು ಕಣ್ಣಿಗೆ ಬೀಳದಿದ್ದರೆ ಎಂಜಿನ್ ಬಿಸಿಯಾಗುವುದಿಲ್ಲ ಎಂಬ ಅವನ ಲೆಕ್ಕ ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಐವತ್ತು ಜನರನ್ನು ಹೊತ್ತು ಘಾಟು ಹತ್ತುವ ಬಸ್ಸು ಅದು!

ನಾನು ಪಾರಿಸ, ಕೃಷ್ಣೆಯ ದಂಡೆಯ ಅಂಕಲಿ ಕಡೆಯವನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ತಿರುಗುವ ಬಸ್ಸುಗಳ ಒಂದು ಡಿಪೋದಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಸೇರಿದವನು, ಪಾನಾ ಕೆಳಗಿಟ್ಟು ಮನೆಗೆ ಬಂದವನು. ನಡುವೆ ಯಾವಾಗ ಯಾವ ಬಡ್ತಿ ಸಿಕ್ಕಿತೆಂದು ನನ್ನ ಹೆಂಡತಿಯೂ ಕೇಳಲಿಲ್ಲ, ನಿಮಗೂ ಬೇಡ. ಈಗ ಐಟಿಐ ಮುಗಿಸಿ ಈ ಕೆಲಸಕ್ಕೆ ಬರುವವರು ಸಿಕ್ಕಾಗ, "ಕಾಕಾ, ನಿಮ್ಮ ಕಾಲದಾಗ ಸ್ಕ್ಯಾನರ್ ಇರಲಿಲ್ಲ, ಹೆಂಗ ಮಾಡ್ತಿದ್ರಿ?" ಎನ್ನುತ್ತಾರೆ. ಹೇಗೆ ಮಾಡುತ್ತಿದ್ದೆವೆಂದು ನೆನೆದರೆ ನನಗೇ ದಿಗಿಲಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಕಲಿಯಲಿ ಎಂದಷ್ಟೇ ಅಲ್ಲ, ಈ ಕೆಲಸದಲ್ಲಿ ನಾನು ಬೆಚ್ಚಿಬಿದ್ದಷ್ಟು ಅಲ್ಲದಿದ್ದರೂ ಅರ್ಧದಷ್ಟಾದರೂ ನೀವೂ ಬೆಚ್ಚಿಬೀಳಲಿ ಎಂದು.

ಸಿದ್ರಾಮ ಕೆಟ್ಟ ಡ್ರೈವರ್ ಆಗಿರಲಿಲ್ಲ. ಕೊಕಟನೂರ ಕಡೆಯ ಕುರಿ ಕಾಯುವ ಮನೆತನದವನು. ಅವರ ಮನೆಯಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ಅವನೇ ಮೊದಲಿಗ. ಅವನು ಬ್ರೇಕ್ ಹಾಕಿದರೆ ನಿಂತ ಮುದುಕಿಯ ಕೈಯಲ್ಲಿನ ಚಹಾ ತುಳುಕುತ್ತಿರಲಿಲ್ಲ. ಆದರೆ ಹೊಸ ಗಾಡಿಗಳು ಬಂದ ಮೇಲೆ ಅವನಿಗೆ ಕಾಟಾದ ಗೀಳು ಹತ್ತಿತು. ಅದು ಸ್ವಲ್ಪ ಮೇಲೇರಿದರೆ ಸಾಕು, ಗಾಡಿಯನ್ನು ರಸ್ತೆ ಪಕ್ಕಕ್ಕೆ ತೆಗೆದು ನಿಲ್ಲಿಸಿಬಿಡುತ್ತಿದ್ದ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗ ನಿಲ್ಲಿಸಿದ. ಕಾಗವಾಡದ ದಾರಿಯಲ್ಲಿ ಬಿಸಿಲು ಹೆಚ್ಚಾಯಿತೆಂದು ನಿಲ್ಲಿಸಿದ. ನಿಲ್ಲಿಸಿದವನೇ ಡಿಪೋಕ್ಕೆ ಫೋನು. ನಾವು ಸಾಮಾನು ಕಟ್ಟಿಕೊಂಡು ಓಡಿದರೆ ಅಲ್ಲಿ ಏನೂ ಇಲ್ಲ, ಎಂಜಿನ್ ಚೆನ್ನಾಗಿದೆ, ನೀರು ಭರ್ತಿಯಿದೆ. ದಿನವೂ ಬರುವ ಪ್ಯಾಸೆಂಜರುಗಳು ಅವನಿಗೆ ಡಾಕ್ಟರ್ ಎಂದು ಹೆಸರಿಟ್ಟರು. ಹತ್ತುವಾಗಲೇ, "ಡಾಕ್ಟರ್ ಸಾಹೇಬ್ರ, ಇವತ್ತ ಗಾಡಿಗೆ ಜ್ವರಾ ಎಷ್ಟ ಐತ್ರಿ?" ಎಂದು ಕೇಳುವುದು, ಬಸ್ಸೆಲ್ಲ ನಗುವುದು.

ನಮ್ಮ ಡಿಪೋ ಮ್ಯಾನೇಜರ್ ಸಾಹೇಬರಿಗೆ ನಗು ಬರಲಿಲ್ಲ. ಅವರೂ ಕೆಟ್ಟವರಲ್ಲ. ಗಾಡಿ ಹೊತ್ತಿಗೆ ಹೋಗಬೇಕು, ಹೊತ್ತಿಗೆ ಬರಬೇಕು, ಇಲ್ಲವಾದರೆ ಮೇಲಿನವರು ಅವರ ಕಿವಿ ಹಿಂಡುತ್ತಾರೆ. ಒಂದು ದಿನ ಸಿದ್ರಾಮನನ್ನು ಎಲ್ಲರ ಮುಂದೆ ನಿಲ್ಲಿಸಿ ಹೇಳಿದರು:

"ಇನ್ನೊಮ್ಮೆ ಸುಳ್ಳ ಸುಳ್ಳ ಗಾಡಿ ನಿಲ್ಲಿಸಿದಿ ಅಂದ್ರ ಸ್ಟೇರಿಂಗ್ ಮ್ಯಾಲಿಂದ ಇಳಸ್ತೀನಿ. ಗೇಟ್ ಕಾಯಾಕ ಕುಂಡ್ರಸ್ತೀನಿ. ತಿಳೀತಿಲ್ಲೊ?"

ಗೇಟು ಕಾಯುವುದೇನು ಕೀಳು ಕೆಲಸವಲ್ಲ. ಆದರೆ ಸಿದ್ರಾಮನ ಊರಿನ ಬಸ್ಸನ್ನು ಅವನೇ ಒಯ್ಯುತ್ತಿದ್ದ. ತಿರುವಿನಲ್ಲಿ ಆ ಬಸ್ಸು ಕಂಡರೆ ಅವನ ತಾಯಿ ಮಾಡುವ ಕೆಲಸ ಬಿಟ್ಟು ಎದ್ದು ನಿಂತು ನೋಡುತ್ತಿದ್ದಳಂತೆ. ನಾಳೆ ಆ ಬಸ್ಸನ್ನು ಬೇರೆಯವನು ತಂದರೆ ಅವ್ವನಿಗೆ ಏನೆಂದು ಹೇಳಲಿ ಎಂಬುದು ಅವನ ಸಂಕಟ. ಅದಕ್ಕೇ ಯಲ್ಲಮ್ಮನ ಫೋಟೋ. ಕಾಟಾ ಕಾಣದಿದ್ದರೆ ನಿಲ್ಲಿಸುವ ಮಾತೇ ಇಲ್ಲವಲ್ಲ!

ನೀವು ನಗಬಹುದು. ಅವನ ಅಂಜಿಕೆ ಎಲ್ಲಿಂದ ಬಂತೆಂದು ಹೇಳಿದರೆ ನಗು ನಿಂತೀತು.

ನಾನು ಕೆಲಸಕ್ಕೆ ಸೇರಿದಾಗ ಗೌಸ್ ಉಸ್ತಾದ್ ಎಂಬ ಹಿರಿಯ ಮೆಕ್ಯಾನಿಕ್ ನನಗೆ ಕಲಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಹಚ್ಚಿ ಯಾವ ಬೇರಿಂಗು ಹೋಗಿದೆ ಎಂದು ಹೇಳುವ ಮನುಷ್ಯ. ಅಂಥ ಉಸ್ತಾದರು ಎಂಜಿನ್ ಕೈಗೆ ಬಂದೊಡನೆ ಮಾಡುತ್ತಿದ್ದ ಮೊದಲ ಕೆಲಸ ಯಾವುದು ಗೊತ್ತೇ? ಎಂಜಿನ್ನಿನ ಬಿಸಿ ನೀರು ತಣಿಯಲು ರೇಡಿಯೇಟರಿಗೆ ಹೋಗುವ ದಾರಿಯಲ್ಲಿ ಥರ್ಮೋಸ್ಟ್ಯಾಟ್ ಎಂಬ ಒಂದು ವಾಲ್ವ್ ಕೂತಿರುತ್ತದೆ. ಅದನ್ನು ಕಿತ್ತು ಮೂಲೆಗೆ ಒಗೆಯುವುದು!

"ನೀರಿಗೆ ಅಡ್ಡ ಕುಂತೈತಿ ಹರಾಮಖೋರ. ತಗದ ಒಗಿ ಪಾರಿಸಾ, ಎಂಜಿನ್ ಥಂಡ ಇರತೈತಿ," ಎನ್ನುತ್ತಿದ್ದರು. ನಾನೂ ಒಗೆಯುತ್ತಿದ್ದೆ. ಹೆದ್ದಾರಿಯ ಗ್ಯಾರೇಜುಗಳಲ್ಲೂ ಆಗ ಇದೇ ರೂಢಿ. ಗಾಡಿಯ ಮಾಲೀಕರೇ ಬಂದು, "ವಾಲ್ವ್ ತಗದಿರಿಲ್ಲ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಒಮ್ಮೆ ನನ್ನನ್ನು ಟ್ರೇನಿಂಗಿಗೆ ಕಳಿಸಿದರು. ಅಲ್ಲಿ ಆ ವಾಲ್ವಿನ ಕೆಲಸವನ್ನು ಬಿಡಿಸಿ ಹೇಳಿದಾಗ ನಾನು ಬೆಂಚಿನ ಮೇಲೆ ಕಲ್ಲಾಗಿ ಕೂತೆ. ಅದು ಅಡ್ಡ ಕೂರುವುದಕ್ಕೇ ಇರುವ ಸಾಮಾನು. ಎಂಜಿನ್ ತಣ್ಣಗಿದ್ದಾಗ ಬಾಗಿಲು ಮುಚ್ಚಿ ನೀರನ್ನು ಒಳಗೊಳಗೇ ತಿರುಗಿಸುತ್ತದೆ. ಹದಕ್ಕೆ ಬಿಸಿ ಬಂದ ಮೇಲೆ ಬಾಗಿಲು ತೆರೆದು ರೇಡಿಯೇಟರಿಗೆ ಬಿಡುತ್ತದೆ. ಎಂಜಿನ್ನಿಗೆ ಬಿಸಿ ಬೇಕು! ಹೆಂಚು ಕಾಯದೆ ರೊಟ್ಟಿ ಬೇಯುವುದಿಲ್ಲ, ಹಾಗೆಂದು ಹೆಂಚು ಕೆಂಪಗಾಗಲೂಬಾರದು. ತಣ್ಣನೆಯ ಎಂಜಿನ್ ಡೀಸೆಲ್ ಹೆಚ್ಚು ಕುಡಿಯುತ್ತದೆ, ಹೊಗೆ ಉಗುಳುತ್ತದೆ, ಕಾಣದಂತೆ ಸವೆಯುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದನ್ನೇ ನಾವೆಲ್ಲ ವಿದ್ಯೆ ಎಂದುಕೊಂಡಿದ್ದೆವು!

ಬಂದು ಉಸ್ತಾದರಿಗೆ ಹೇಳಿದೆ. ಅವರು ನಂಬಲಿಲ್ಲ. ಮೂಲೆಯ ರಾಶಿಯಿಂದ ಒಂದು ವಾಲ್ವ್ ಆರಿಸಿ ಕ್ಯಾಂಟೀನಿಗೆ ಒಯ್ದೆ. ಚಹಾ ಮಾಡುವ ಪಾತೇಲಿಯಲ್ಲಿ ನೀರಿಟ್ಟು, ದಾರ ಕಟ್ಟಿ ಅದನ್ನು ಇಳಿಬಿಟ್ಟೆ. ಸುತ್ತ ಜನ ಸೇರಿದರು. ನೀರು ಬೆಚ್ಚಗಾಯಿತು, ಬಿಸಿಯಾಯಿತು, ವಾಲ್ವ್ ಸುಮ್ಮನೆ ಕೂತಿತ್ತು. ಕುದಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಅದರ ಬಾಯಿ ಮೆಲ್ಲಗೆ ತೆರೆಯಿತು. ಒಲೆಯಿಂದ ಕೆಳಗಿಳಿಸಿದರೆ ಮತ್ತೆ ಮೆಲ್ಲಗೆ ಮುಚ್ಚಿತು.

"ಯಾ ಅಲ್ಲಾ! ಇದು ಜೀವಂತ ಐತಲ್ಲೋ!" ಎಂದರು ಉಸ್ತಾದರು. ಇನ್ನೊಮ್ಮೆ ಮಾಡಿಸಿ ನೋಡಿದರು. ಆಮೇಲೆ ಮೂಲೆಯ ರಾಶಿಯ ಕಡೆ ನೋಡುತ್ತ, "ಅಂದ್ರ ಇಷ್ಟ ವರ್ಷ ಎಂಜಿನ್‌ಗೆ ಚಳಿ ಹಿಡಿಸಿದ್ವೇನೋ ನಾವು?" ಎಂದರು. ಅವತ್ತು ಅವರು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.

ಈಗ ಲೆಕ್ಕ ಹಾಕಿ. ವಾಲ್ವ್ ಕಿತ್ತ ಗಾಡಿಗಳಲ್ಲಿ ಕಾಟಾ ತಳದಲ್ಲೇ ಬಿದ್ದಿರುತ್ತಿತ್ತು. ಎಷ್ಟೋ ಗಾಡಿಗಳಲ್ಲಿ ಮೀಟರಿನ ವೈರೇ ಇರುತ್ತಿರಲಿಲ್ಲ. ಸಿದ್ರಾಮನಂಥವರು ಆ ಗಾಡಿಗಳ ಮೇಲೆಯೇ ಡ್ರೈವಿಂಗ್ ಕಲಿತವರು. ಬಿಸಿಯ ಕಾಟಾ ಎಂದರೆ ಅಲ್ಲಾಡದ್ದು ಎಂದೇ ಅವರು ತಿಳಿದಿದ್ದರು. ಹೊಸ ಗಾಡಿಗಳಲ್ಲಿ ಅದು ಎದ್ದು ಏರಿ ಇಳಿದು ಆಡತೊಡಗಿದಾಗ, ಸತ್ತವನು ಚಟ್ಟದ ಮೇಲೆ ಎದ್ದು ಕೂತಂತೆ ಅವರಿಗೆ ಕಂಡಿದ್ದರೆ ಆಶ್ಚರ್ಯವೇನು?

ಇನ್ನು ನೀರಿನ ಮಾತು. ನಮ್ಮದು ಜೈನರ ಮನೆ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಆ ರೂಢಿಯಿಂದ ನಾನು ರೇಡಿಯೇಟರಿಗೂ ಸೋಸಿಯೇ ಹಾಕುತ್ತಿದ್ದೆ. "ಗಾಡಿಗೂ ವ್ರತಾ ಹಿಡಿಸಿದೇನೋ?" ಎಂದು ಉಸ್ತಾದರು ಕಾಡುತ್ತಿದ್ದರು. ಬಟ್ಟೆಗೆ ಕಸ ಸಿಗುತ್ತದೆ, ಹುಳ ಸಿಗುತ್ತದೆ, ಬೋರಿನ ನೀರಿನ ಸವಳು ಸಿಗುವುದಿಲ್ಲ. ಒಂದು ಹಳೆಯ ರೇಡಿಯೇಟರನ್ನು ಕೊಯ್ದು ನೋಡಿದರೆ ಒಳಗಿನ ನಳಿಗೆಗಳು ನಮ್ಮ ಬಚ್ಚಲಿನ ಹಂಡೆಯಂತೆಯೇ ಬೆಳ್ಳಗೆ ಗಟ್ಟಿ ಕಟ್ಟಿದ್ದವು. ನೀರಿನ ಬದಲು ಹಾಕುವ ಕೂಲಂಟ್ ಎಂಬ ಹಸಿರು ದ್ರವ ಬಂದ ಮೇಲೆ ಆ ತೊಂದರೆ ತಪ್ಪಿತು. ಅದು ತುಕ್ಕು ಹಿಡಿಸುವುದಿಲ್ಲ, ಬೇಗ ಕುದಿಯುವುದೂ ಇಲ್ಲ.

ಆದರೆ ಅದನ್ನು ಜನ ನಂಬಬೇಕಲ್ಲ! ರಾಯಬಾಗದ ಒಬ್ಬ ಪರಿಚಯದ ಸಾಹುಕಾರ ಹೊಸ ಕಾರು ತಂದವನೇ ಯಡೂರಿಗೆ ಒಯ್ದು, ವೀರಭದ್ರನಿಗೆ ಕಾಯಿ ಒಡೆಸಿ, ಕಾರಿನ ಕೂಲಂಟನ್ನು ಪೂರ್ತಿ ಚೆಲ್ಲಿಸಿ ಕೃಷ್ಣೆಯ ನೀರು ತುಂಬಿಸಿದ್ದ. "ಆ ಹಸರ ವಿಷ ಯಾಕ್ರಿ ಒಳಗ? ತೀರ್ಥಾನ ಹಾಕೀನಿ," ಎಂದು ನನ್ನೆದುರೇ ಹೆಮ್ಮೆಪಟ್ಟ.

"ಸಾಹುಕಾರ್ರ, ಕೃಷ್ಣವ್ವಗ ಕೈ ಮುಗೀರಿ, ಜಳಕಾ ಮಾಡ್ರಿ. ಆಕಿನ್ನ ತಂದು ಎಂಜಿನ್ನಿನಾಗ ಯಾಕ ಕುದಸ್ತೀರಿ?" ಎಂದೆ. ಆ ಮಾತಿಗೆ ಅವನ ಮುಖ ಸಣ್ಣಗಾಯಿತು. ಮರುದಿನವೇ ಕೂಲಂಟ್ ಹಾಕಿಸಿಕೊಂಡ.

ಸಿದ್ರಾಮನ ಕಡೆ ಬರೋಣ. ಫೋಟೋವನ್ನು ನಾನು ಕೀಳಲಿಲ್ಲ. ಅವನ ಕೈಯಿಂದಲೇ ಬಿಡಿಸಿ, ಮೇಲೆ ಕನ್ನಡಿಯ ಪಕ್ಕ ಕೂರಿಸಿದೆ. "ಅವ್ವ ಮ್ಯಾಲ ಕುಂತು ರಸ್ತೆ ನೋಡ್ಲಿ. ಕಾಟಾ ನೀ ನೋಡು," ಎಂದೆ. ನನ್ನ ರಜೆಯ ದಿನ ಅವನ ಅಥಣಿ ಗಾಡಿಯಲ್ಲಿ ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕೂತೆ.

ಬೆಳಿಗ್ಗೆ ಶುರು ಮಾಡಿದಾಗ ಕಾಟಾ ತಳದಲ್ಲಿತ್ತು. ಸ್ವಲ್ಪ ದೂರ ಹೋದ ಮೇಲೆ ಏರತೊಡಗಿತು. ನಡುವಿಗೆ ಬಂತು, ಒಂದಿಷ್ಟು ದಾಟಿತು. ಸಿದ್ರಾಮನ ಕಾಲು ಬ್ರೇಕಿನ ಮೇಲೆ ಹೋಯಿತು.

"ತಡಿ," ಎಂದೆ. "ಒಳಗ ವಾಲ್ವ್ ಇನ್ನೂ ಬಾಗಲಾ ತಗದಿಲ್ಲ. ಈಗ ತಗೀತೈತಿ, ನೋಡು."

ನೋಡುತ್ತಿದ್ದಂತೆಯೇ ಕಾಟಾ ಒಂದು ಸಣ್ಣ ಕೂದಲೆಳೆಯಷ್ಟು ಇಳಿದು ನಡುವಿಗೆ ಬಂದು ಕೂತಿತು. ಸಿದ್ರಾಮ ತಿರುಗಿ ನನ್ನ ಮುಖ ನೋಡಿದ. ರಸ್ತೆ ನೋಡೋ ಮಾರಾಯಾ ಎಂದೆ.

ಮುಂದೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಸಿಕ್ಕಿತು. ಅದರ ಹಿಂದೆ ತೆವಳುತ್ತ ಹೋಗುವಾಗ ಕಾಟಾ ಮತ್ತೆ ಏರಿತು. ಗಾಡಿ ಓಡದಿದ್ದರೆ ರೇಡಿಯೇಟರಿಗೆ ಎದುರುಗಾಳಿ ಇಲ್ಲ, ಅದಕ್ಕೆ ಏರಿತು ಎಂದೆ. ಫ್ಯಾನು ಭರ್ರೆಂದು ಜೋರಾಯಿತು, ಕಾಟಾ ಇಳಿಯಿತು. ಟ್ರ್ಯಾಕ್ಟರನ್ನು ದಾಟಿ ಗಾಳಿ ಹೊಡೆದ ಮೇಲೆ ಇನ್ನೂ ಇಳಿಯಿತು. ಇಳಿಜಾರಿನಲ್ಲಿ ಎಂಜಿನ್ನಿಗೆ ದುಡಿತವಿಲ್ಲ, ಇಳಿಯಿತು. ಅಥಣಿಯ ಸ್ಟ್ಯಾಂಡಿನಲ್ಲಿ ಎಂಜಿನ್ ಬಂದ್ ಮಾಡಿ ಚಹಾ ಕುಡಿದು ಬಂದು ಚಾವಿ ತಿರುಗಿಸಿದರೆ, ಬಿಟ್ಟು ಹೋದಾಗಿನದಕ್ಕಿಂತ ಮೇಲೆ ಕೂತಿತ್ತು! ಸಿದ್ರಾಮ ಹೌಹಾರಿದ.

"ಬಂದ್ ಮಾಡಿದ್ವೆಲ್ರಿ, ಹೆಂಗ್ ಏರ್ತು?"

"ನೀರ ತಿರಗೂದು ನಿಂತೈತಿ, ಕಬ್ಬಿಣದ ಬಿಸಿ ಎಲ್ಲಿ ಹೋಗಬೇಕು? ಅಲ್ಲೇ ನೀರಿಗೆ ಸೇರಿತು. ಈಗ ಶುರು ಮಾಡು, ಇಳೀತೈತಿ." ಇಳಿಯಿತು.

ಹಿಂದಿರುಗುವಾಗ ಹೇಳಿದೆ: "ನೋಡು ಸಿದ್ರಾಮಾ, ಕಾಟಾ ಅಳ್ಳಾಡೂದು ತಪ್ಪಲ್ಲ. ಯಾಕ ಅಳ್ಳಾಡ್ತು ಅನ್ನೂದು ನಿನಗ ತಿಳೀಬೇಕು. ಕಾರಣ ಸಿಕ್ಕಿತೊ, ನಡಿ. ಕಾರಣ ಸಿಗಲಿಲ್ಲೊ, ನಿಲ್ಲಸು. ಕೆಂಪಿಗೆ ಹೋತಂದ್ರ ಕಾರಣ ಕೇಳ್ಕೋತ ಕುಂಡ್ರಬ್ಯಾಡ, ಮೊದಲ ನಿಲ್ಲಸು."

ಅವನು ಗೇರು ಬದಲಿಸಿ ಒಂದು ತಿರುವು ದಾಟಿಸಿದ. ಆಮೇಲೆ, "ಅಂದ್ರ ನಮ್ಮ ಕುರಿ ಇದ್ದಂಗ್ರಿ," ಎಂದ. "ಗುಡ್ಡಾ ಏರಿ ಬಂದ ಕುರಿ ತೇಕತೈತಿ, ಅದಕ್ಕ ಏನೂ ಆಗಿಲ್ಲ. ನೆರಳಾಗ ಮಲಗಿದ್ದು ತೇಕಿದ್ರ ರೋಗ ಬಂದೈತಿ ಅಂತ ತಿಳ್ಕೋಬೇಕು."

ನನ್ನ ಟ್ರೇನಿಂಗಿನ ಸಾಹೇಬರು ಕರಿಹಲಗೆ ತುಂಬ ಬರೆದು ಹೇಳಿದ್ದನ್ನು ಅವನು ಎರಡು ಕುರಿಗಳಲ್ಲಿ ಮುಗಿಸಿದ್ದ. ಆ ದಿನದಿಂದ ಅವನ ಫೋನು ನಿಂತಿತು. ತಿಂಗಳುಗಟ್ಟಲೆ ಗಾಡಿ ಹೊತ್ತಿಗೆ ಹೋಯಿತು, ಹೊತ್ತಿಗೆ ಬಂತು.

ದಸರೆಯ ಖಂಡೇಪೂಜೆ ಬಂತು. ಡಿಪೋದ ಗಾಡಿಗಳನ್ನೆಲ್ಲ ತೊಳೆದು ಸಿಂಗರಿಸಿದೆವು. ಸಿದ್ರಾಮನ ಗಾಡಿಗೆ ಎಲ್ಲರೂ ಸೇರಿ ಮುಂಭಾಗಕ್ಕೆ ಬಾಳೆಕಂದು, ಕಬ್ಬಿನ ಜಲ್ಲೆ, ಕೈಯಷ್ಟು ದಪ್ಪನೆಯ ಚೆಂಡುಹೂವಿನ ಹಾರಗಳು, ಇಷ್ಟನ್ನೂ ಒತ್ತಿ ಒತ್ತಿ ಕಟ್ಟಿದ್ದರು. ಸಾಹೇಬರೇ ಕಾಯಿ ಒಡೆದು ಸಿದ್ರಾಮನ ಬೆನ್ನು ತಟ್ಟಿದರು. ಮರುದಿನವೂ ಆ ಸಿಂಗಾರ ಬಿಚ್ಚದೆಯೇ ಗಾಡಿ ರೂಟಿಗೆ ಹೋಯಿತು. ಪೂಜೆಯ ಹಾರವನ್ನು ಬಾಡುವ ಮೊದಲೇ ಕೀಳುವುದುಂಟೇ? ಅದೇ ನಮ್ಮ ರೂಢಿ. ಆದರೆ ಅದರ ಹಿಂದೆ ರೇಡಿಯೇಟರ್ ಇದೆ, ಅದು ಉಸಿರಾಡುವುದು ಅಲ್ಲಿಂದಲೇ ಎಂಬುದು ಯಾರ ತಲೆಗೂ ಬರಲಿಲ್ಲ.

ಅಥಣಿಯ ದಾರಿಯಲ್ಲಿ ಕಾಟಾ ಕೆಂಪಿಗೆ ಮುಟ್ಟಿತು. ಸಿದ್ರಾಮ ನಿಲ್ಲಿಸಿದ. ನಮಗೆ ಫೋನು ಮಾಡಲಿಲ್ಲ, ತಾನೇ ಇಳಿದು ನೋಡಿ, ಹಾರಗಳನ್ನೂ ಬಾಳೆಯನ್ನೂ ಬಿಚ್ಚಿ ಟಾಪಿನ ಮೇಲೆ ಹಾಕಿ, ಎಂಜಿನ್ ತಣಿದ ಮೇಲೆ ಮುಂದೆ ಹೋದ. ಗಾಡಿ ತಡವಾಯಿತು. ಸಂಜೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದ.

ಸಾಹೇಬರು ಕೆಂಡವಾದರು. "ಏನಂದಿ? ಪೂಜಾ ಮಾಡಿದ್ದಕ್ಕ ಗಾಡಿ ಬಿಸಿ ಆತು? ಇಷ್ಟ ದಿನಾ ಎಂಜಿನ್ ಮ್ಯಾಲ ಹಾಕ್ತಿದ್ದಿ, ಈಗ ದೇವರ ಮ್ಯಾಲ ಹಾಕಾಕತ್ತೀಯೇನ?"

ನಾನು ನಡುವೆ ಬಾಯಿ ಹಾಕಿದೆ. ಸಿದ್ರಾಮ ಮಾಡಿದ್ದೇ ಸರಿ ಎಂದೆ. "ಪಾರಿಸ ಮಿಸ್ತ್ರಿ, ನೀವು ಸುಮ್ಮನಿರ್ರಿ," ಎಂದರು. "ಹೂವಿನ ಹಾರಕ್ಕ ಬಸ್ಸ ನಿಂತಿದ್ದು ನಾ ನನ್ನ ಜನ್ಮದಾಗ ಕೇಳಿಲ್ಲ. ನಾಳೆ ನಾನಾ ಬರ್ತೀನಿ ಇವನ ಗಾಡ್ಯಾಗ. ನಿಪ್ಪಾಣಿಯಿಂದ ತವಂದಿ ಘಾಟ್ ಹತ್ತೂಣು. ನನ್ನ ಮುಂದ ಸುಳ್ಳ ನಿಲ್ಲಿಸಿದಿ ಅಂದ್ರ ಸಿದ್ರಾಮಾ, ಅಲ್ಲೇ ಇಳಸ್ತೀನಿ. ಮಿಸ್ತ್ರಿ, ನೀವೂ ಬರ್ರಿ."

ಮರುದಿನ ಮಧ್ಯಾಹ್ನ ನಿಪ್ಪಾಣಿಯಿಂದ ಬೆಳಗಾವಿ ಕಡೆಗೆ ಹೊರಟೆವು. ಗಾಡಿ ಕಿಕ್ಕಿರಿದಿತ್ತು. ಅದು ಎಂಜಿನ್ ಮುಂದಿರುವ ಗಾಡಿ, ಡ್ರೈವರನ ಎಡಕ್ಕೆ ಎಂಜಿನ್ನನ್ನು ಮುಚ್ಚುವ ದೊಡ್ಡ ಬಾನೆಟ್ ಇರುತ್ತದೆ. ಅಲ್ಲಿ ಕೂತರೆ ಮೀಟರು ಕಣ್ಣಿಗೆ ನೇರ ಬೀಳುತ್ತದೆ ಎಂದು ಸಾಹೇಬರು ಟವೆಲ್ ಮಡಚಿ ಹಾಸಿಕೊಂಡು ಬಾನೆಟ್ಟಿನ ಮೇಲೆಯೇ ಕೂತರು. ನಾನು ಹಿಂದೆ ಕಂಬಿ ಹಿಡಿದು ನಿಂತೆ. ಕಂಡಕ್ಟರ್ ಸುಗಂಧಾ ಟಿಕೆಟ್ ಕೊಡುತ್ತ ಬಂದವಳು ಸಾಹೇಬರನ್ನು ಕಂಡು ಮಾತು ತಗ್ಗಿಸಿದಳು. ಡಾಕ್ಟರ್ ಎಂದು ಕೂಗುವವರು ಮಾತ್ರ ಕೂಗಿದರು.

ಘಾಟು ಶುರುವಾಯಿತು. ಮುಂದೆ ತುಂಬಿದ ಲಾರಿಯೊಂದು ನರಳುತ್ತ ಹೋಗುತ್ತಿತ್ತು. ಕಾಟಾ ಏರಿತು. ಸಿದ್ರಾಮನ ಕತ್ತಿನ ಮೇಲೆ ಬೆವರು ಹರಿಯುವುದು ನನಗೆ ಕಾಣುತ್ತಿತ್ತು, ಆದರೆ ಗಾಡಿ ನಿಲ್ಲಲಿಲ್ಲ. ಫ್ಯಾನು ಜೋರಾಯಿತು. ಕಾಟಾ ನಿಂತಲ್ಲೇ ನಿಂತಿತು.

"ಹಾಂ, ಹಿಂಗ!" ಎಂದರು ಸಾಹೇಬರು. "ಏರತೈತಿ, ಏರ್ಲಿ. ನಡೀತೈತಿ." ಟವೆಲ್ಲನ್ನು ಇನ್ನೊಂದು ಮಡಿಕೆ ಮಡಚಿ ಕೆಳಗೆ ಹಾಕಿಕೊಂಡರು.

ಇನ್ನೂ ಸ್ವಲ್ಪ ಮೇಲೆ, ಏರು ಕಡಿದಾದ ಕಡೆ, ಕಾಟಾ ಇಳಿಯತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಸರಸರನೆ. ನಡುವಿಗೆ ಬಂತು, ನಡುವಿನಿಂದಲೂ ಕೆಳಗೆ ಹೋಯಿತು.

"ನೋಡಿದ್ರೇನ?" ಎಂದು ಸಾಹೇಬರು ನನ್ನ ಕಡೆ ತಿರುಗಿ ನಕ್ಕರು. "ತಾನ ತಣ್ಣಗಾತು. ಸುಮ್ಮಸುಮ್ಮನ ಅಂಜತಿದ್ದ ಈ ಮಗಾ." ಹಾಗೆನ್ನುತ್ತಲೇ ಎದ್ದು, ಪೃಷ್ಠ ಸವರಿಕೊಂಡು ಮತ್ತೆ ಕೂತರು.

ಸಿದ್ರಾಮ ಗಾಡಿಯನ್ನು ಎಡಕ್ಕೆ ತೆಗೆದ. ಹ್ಯಾಂಡ್‌ಬ್ರೇಕ್ ಎಳೆದ. ಎಂಜಿನ್ ಬಂದ್ ಮಾಡಿದ. "ಅಕ್ಕಾರ, ಹಿಂದಿನ ಗಾಲಿಗೆ ಕಲ್ಲ ಹಚ್ಚರಿ, ಲಗೂನ," ಎಂದು ಸುಗಂಧಾಳಿಗೆ ಕೂಗಿದ.

ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೇ ಕೂಗತೊಡಗಿದರು. "ಅಹೋ ಡಾಕ್ಟರ್, ಆತಾ ಕಾಯ್ ಝಾಲಂ?" ಈಗೇನಾಯಿತೆಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಒದರಿದರು. ಎಲ್ಲರ ಮೇಲೆ ಸಾಹೇಬರ ದನಿ:

"ಲೇ, ಏರಿದ್ರ ನಿಲ್ಲಸತಿದ್ದಿ, ಈಗ ಇಳದ್ರೂ ನಿಲ್ಲಸ್ತೀಯೇನಲೇ? ನನ್ನ ಮುಂದ? ನಾ ಕುಂತಿರೂವಾಗ?"

ಸಿದ್ರಾಮ ಕಾಟಾದ ಕಡೆ ಬೆರಳು ತೋರಿಸಿದ.

"ಸಾಹೇಬ್ರ, ಇಷ್ಟ ಏರ ಹತ್ತಾಕತ್ತೈತಿ, ಕಾಟಾ ಯಾಕ ಇಳೀಬೇಕ್ರಿ? ನನಗ ಕಾರಣ ಸಿಗವಲ್ದು. ಮ್ಯಾಲ ನೀವು ಕುಂತಲ್ಲಿ ಕುಂಡ್ರವಲ್ರಿ, ಎದ್ದ ಎದ್ದ ಕುಂಡ್ರಾಕತ್ತೀರಿ. ಕಾಟಾ ಥಂಡ ಐತಿ ಅಂತೈತಿ, ಬಾನೆಟ್ ಸುಡಾಕತ್ತೈತಿ. ಎರಡರಾಗ ಒಂದು ಸುಳ್ಳ ಹೇಳತೈತ್ರಿ."

ಸಾಹೇಬರ ಕೈ ತಾನಾಗಿ ಟವೆಲ್ಲಿನ ಕೆಳಗೆ ಹೋಯಿತು, ಚುರ್ರೆಂದು ಹಿಂದಕ್ಕೆ ಬಂತು.

ನಾನು ಕೆಳಗೆ ಹಾರಿ ಗಾಡಿಯಡಿ ಬಗ್ಗಿದೆ. ರೇಡಿಯೇಟರಿನ ಕೆಳಗಿನ ದಪ್ಪ ಹೋಸ್ ಪೈಪು ಉದ್ದಕ್ಕೆ ಸೀಳಿತ್ತು. ಹಿಂದೆ, ನಾವು ಹತ್ತಿ ಬಂದ ದಾರಿಯುದ್ದಕ್ಕೂ ಹಸಿರು ನೀರಿನ ಗೆರೆ ಬಿಸಿಲಿಗೆ ಆರುತ್ತಿತ್ತು. ಪೈಪಿನ ತುದಿಯಿಂದ ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ, ತೊಟ್ಟಿಕ್ಕಲು ಒಳಗೆ ಏನೂ ಉಳಿದಿರಲಿಲ್ಲ. ಇದ್ದ ನೀರೆಲ್ಲ ಹೋಗಿತ್ತು!

ಇದನ್ನು ಹೊಸಬರು ಚೆನ್ನಾಗಿ ತಿಳಿದುಕೊಳ್ಳಬೇಕು. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಬಿಸಿ ಹೇಳುತ್ತದೆ. ನೀರೇ ಹೋದರೆ ಅದು ಬರಿಯ ಗಾಳಿಯಲ್ಲಿ ನಿಂತು, ಎಲ್ಲ ತಂಪಾಗಿದೆ ಎನ್ನುತ್ತದೆ. ಪಕ್ಕದಲ್ಲೇ ಎಂಜಿನ್ ಬೆಂದು ಹೋಗುತ್ತಿರುತ್ತದೆ. ಈಗಿನ ಗಾಡಿಗಳಲ್ಲಿ ಕೂಲಂಟ್ ಕಡಿಮೆಯಾದರೆ ದೀಪ ಹತ್ತುತ್ತದೆ, ಪೀಪಿ ಕೂಗುತ್ತದೆ. ಆ ಗಾಡಿಯಲ್ಲಿ ಅದಿರಲಿಲ್ಲ.

ನಾನು ಮೇಲೇಳುವಷ್ಟರಲ್ಲಿ ಸಾಹೇಬರು ಮುಂದೆ ಬಂದು ಕೈಗೆ ಅದೇ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದರು. "ಮುಟ್ಟಬ್ಯಾಡ್ರೀ!" ಎಂದು ಕಿರುಚಿ ಅವರ ಕೈಯನ್ನು ಹೊಡೆದು ಸರಿಸಿದೆ. ಮೇಲಧಿಕಾರಿಯ ಮೇಲೆ ನಾನು ಕೈ ಮಾಡಿದ್ದು ಅದೊಂದೇ ಸಲ. ನೀರು ಹೋಗಿದ್ದರೂ ಒಳಗೆ ಉಗಿ ಉಳಿದಿರುತ್ತದೆ, ಮುಖದ ತೊಗಲು ಸುಲಿದು ಹಾಕಲು ಅಷ್ಟು ಸಾಕು. ಅವರು ಸಿಟ್ಟಾಗಲಿಲ್ಲ. ಎಂಜಿನ್ನಿನ ಕಡೆ ಕಿವಿಯಿಟ್ಟು ನಿಂತರು. ಕಾದ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು.

"ಇನ್ನೊಂದ ತಿರುವು ಹೋಗಿದ್ರ ಏನಾಕ್ಕಿತ್ತು ಮಿಸ್ತ್ರಿ?"

"ಎಂಜಿನ್ ಹಿಡ್ಕೊಂಡು ನಿಲ್ತಿತ್ರಿ. ಏರಿನಾಗ, ತುಂಬಿದ ಗಾಡಿ, ಸ್ಟೇರಿಂಗ್ ಕಲ್ಲಿನಂಗ ಬಿಗಿ ಆಕ್ಕಿತ್ತು." ಹಿಂದೆ ತಿರುವಿನವರೆಗೂ ಲಾರಿಗಳ ಸಾಲು ನಿಂತಿತ್ತು. ಇಬ್ಬರೂ ಅದನ್ನು ನೋಡಿದೆವು.

ಪ್ಯಾಸೆಂಜರುಗಳು ಒಬ್ಬೊಬ್ಬರೇ ಇಳಿದು ಬಂದರು. ಬೈಯುತ್ತಲೇ ಇಳಿದವರು ಸೀಳಿದ ಪೈಪು ನೋಡಿದರು, ಹಿಂದಿನ ಇಳಿಜಾರು ನೋಡಿದರು. ಡಾಕ್ಟರ್ ಎಂದು ಯಾರೂ ಕೂಗಲಿಲ್ಲ. ಸುಗಂಧಾ ನಿಪ್ಪಾಣಿಗೆ ಫೋನು ಮಾಡಿ ಬೇರೆ ಗಾಡಿ ಕಳಿಸಲು ಹೇಳಿದಳು.

ಸಾಹೇಬರು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತರು. ಸಿದ್ರಾಮನನ್ನು ಹತ್ತಿರ ಕರೆದರು.

"ಸಿದ್ರಾಮಾ, ಇವತ್ತ ನಾ ಗಾಡ್ಯಾಗ ಇರದಿದ್ರ ಏನ ಮಾಡ್ತಿದ್ದಿ?"

"ನಿಲ್ಲಸ್ತಿದ್ನಿರಿ."

"ಕಾಟಾ ಇಳೀತು ಅಂತ ಗಾಡಿ ನಿಲ್ಲಿಸ್ಯಾನ ಅಂತ ನನಗ ಫೋನ್ ಬರ್ತಿತ್ತು. ನಾ ಏನ ಮಾಡ್ತಿದ್ದೆ, ಗೊತ್ತೈತಿ?"

"ಗೇಟಿಗೆ ಕುಂಡ್ರಸ್ತಿದ್ರಿ."

"ಗೊತ್ತಿದ್ದೂ ನಿಲ್ಲಿಸಿದಿ?"

ಸಿದ್ರಾಮ ತಲೆ ತಗ್ಗಿಸಿದ. "ಗೇಟಿಗೆ ಕುಂತ್ರ ನಮ್ಮವ್ವ ಒಬ್ಬಾಕಿ ಅಳತಿದ್ಳ್ರಿ. ಗಾಡ್ಯಾಗ ಐವತ್ತ ಮಂದಿ ಇದ್ರು."

ನಾನು ಆ ಕೆಲಸದಲ್ಲಿ ಏನೇನೋ ಕಂಡು ಬೆಚ್ಚಿದ್ದೇನೆ. ಆ ಮಾತಿಗೆ ಬೆಚ್ಚಿದಷ್ಟು ಬೇರೆ ಯಾವುದಕ್ಕೂ ಬೆಚ್ಚಲಿಲ್ಲ. ಮುಳ್ಳೊಂದು ಅಲ್ಲಾಡಿದರೆ ಎದೆ ಹೊಡೆದುಕೊಳ್ಳುತ್ತಿದ್ದ ಮನುಷ್ಯ, ತನ್ನ ನೌಕರಿ ಯಾರ ಕೈಯಲ್ಲಿತ್ತೋ ಆ ಸಾಹೇಬರು ಪಕ್ಕದಲ್ಲೇ ಕೂತಿದ್ದರೂ ಅಂಜಿರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

ನಿಪ್ಪಾಣಿಯಿಂದ ಬೇರೆ ಗಾಡಿ ಬಂತು. ಜನ ಗಂಟುಮೂಟೆ ಎತ್ತಿಕೊಂಡು ಅತ್ತ ಓಡಿದರು. ಆ ಗಾಡಿಯ ಡ್ರೈವರ್ ಸೀಟಿನಲ್ಲೇ ಕೂತು, ಎಲ್ಲರೂ ಹತ್ತಿದರೇ ಎಂದು ಕನ್ನಡಿಯಲ್ಲಿ ನೋಡುತ್ತಿದ್ದ. ಸಾಹೇಬರು ಅವನ ಬಾಗಿಲ ಬಳಿ ಹೋಗಿ ನಿಂತರು.

"ನೀ ಇಳಿ," ಎಂದರು. "ಇದನ್ನ ಸಿದ್ರಾಮ ಒಯ್ತಾನ."

ಆಮೇಲೆ ಹಿಂಬಾಗಿಲಿನಿಂದ ಹತ್ತಿ, ಪ್ಯಾಸೆಂಜರುಗಳ ನಡುವೆ ಕಂಬಿ ಹಿಡಿದು ನಿಂತುಕೊಂಡೇ ಘಾಟು ಹತ್ತಿದರು.